ಶ್ವಾಸಕೋಶದ ಬಿಪಿ ಕಡೆಗೂ ಗಮನ ಇರಲಿ

ಮಾನ್ಯರೇ,

ಬಿಪಿ ಎಂದರೆ ತೋಳಿಗೆ ಪಟ್ಟಿ ಕಟ್ಟಿ ನೋಡುವುದು ಎಂದಷ್ಟೇ ನಮಗೆ ಗೊತ್ತು. ಆದರೆ ಹೃದಯದಿಂದ ಶ್ವಾಸಕೋಶಕ್ಕೆ ಹೋಗುವ ರಕ್ತನಾಳದಲ್ಲೂ ಒತ್ತಡ ಏರಬಹುದು. ತೋಳಿನ ಪಟ್ಟಿಯಲ್ಲಿ ಅದು ಕಾಣುವುದಿಲ್ಲ. ವಿಶ್ರಾಂತಿಯಲ್ಲಿರುವಾಗ ಅಲ್ಲಿನ ಸರಾಸರಿ ಒತ್ತಡ 20 ಮಿ.ಮೀ. ಪಾದರಸ ದಾಟಿದರೆ ಅದು ಕಾಯಿಲೆ.

ಚಿಕ್ಕಬಳ್ಳಾಪುರ ಸುತ್ತಲಿನ ಕಲ್ಲು ಕ್ವಾರಿ, ಕ್ರಷರ್‌ಗಳಲ್ಲಿ ದುಡಿಯುವವರ ಬಗ್ಗೆ ನನಗೆ ಚಿಂತೆ. ಕಲ್ಲಿನ ನುಣ್ಣನೆ ದೂಳು, ಬೀಡಿ ಹೊಗೆ, ಸೌದೆ ಒಲೆಯ ಹೊಗೆ ಎಲ್ಲವೂ ಶ್ವಾಸಕೋಶದಲ್ಲಿ ಆಕ್ಸಿಡೇಟಿವ್ ಒತ್ತಡ ಹೆಚ್ಚಿಸುತ್ತವೆ. ಅಂದರೆ ಆಮ್ಲಜನಕದಿಂದ ಹುಟ್ಟುವ ಹಾನಿಕಾರಕ ಕಣಗಳು ದೇಹ ತಡೆಯುವುದಕ್ಕಿಂತ ಜಾಸ್ತಿಯಾಗುತ್ತವೆ. ರಕ್ತನಾಳವನ್ನು ಸಡಿಲವಾಗಿಡುವುದು ದೇಹದಲ್ಲೇ ತಯಾರಾಗುವ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ. ಆ ಹಾನಿಕಾರಕ ಕಣಗಳಲ್ಲಿ ಒಂದಾದ ಸೂಪರ್‌ಆಕ್ಸೈಡ್ ಅದನ್ನೇ ಹಿಡಿದು ಕೆಡಿಸುತ್ತದೆ. ನಾಳ ಬಿಗಿಯಾಗುತ್ತದೆ, ಗೋಡೆ ದಪ್ಪವಾಗುತ್ತದೆ. ರಕ್ತ ತಳ್ಳಿ ತಳ್ಳಿ ಹೃದಯದ ಬಲಭಾಗ ಸೋಲುತ್ತದೆ. ಇದೊಂದೇ ಕಾರಣವಲ್ಲ, ಹೃದಯದ ಎಡಭಾಗದ ಕಾಯಿಲೆಯಿಂದಲೂ ಹೀಗಾಗುತ್ತದೆ.

ಹಾಗಂತ ಈ ಕಣಗಳನ್ನು ತಡೆಯುವ ಆಂಟಿಆಕ್ಸಿಡೆಂಟ್ ಮಾತ್ರೆ ನುಂಗಿದರೆ ವಾಸಿಯಾಗುತ್ತದೆ ಎನ್ನಲು ಗಟ್ಟಿ ಪುರಾವೆ ಇಲ್ಲ. ಬಡವರ ದುಡ್ಡು ಸುಮ್ನೆ ದಂಡ.

ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು, ಕಾಲು ಊತ, ತಲೆಸುತ್ತು. ಇದನ್ನು ವಯಸ್ಸಾಯಿತು ಎಂದು ಬಿಟ್ಟುಬಿಡಬಾರದು ಅಲ್ವಾ? ಎಕೋ ಪರೀಕ್ಷೆಯಲ್ಲಿ, ಅಂದರೆ ಹೃದಯದ ಸ್ಕ್ಯಾನಿಂಗ್‌ನಲ್ಲಿ, ಮೊದಲ ಸುಳಿವು ಸಿಗುತ್ತದೆ. ಖಚಿತವಾಗಲು ಹೃದಯದೊಳಗೆ ಕ್ಯಾತಿಟರ್ ಎಂಬ ತೆಳು ಕೊಳವೆ ಹಾಕಿ ಒತ್ತಡ ಅಳೆಯಬೇಕು. ಆರೋಗ್ಯ ಇಲಾಖೆ ಕ್ರಷರ್ ಕೆಲಸಗಾರರಿಗೆ ತಾಲ್ಲೂಕು ಮಟ್ಟದಲ್ಲೇ ಎಕೋ ಶಿಬಿರ ನಡೆಸಲಿ. ನೀರು ಸಿಂಪಡಿಸಿ ದೂಳು ಅಡಗಿಸುತ್ತಿದ್ದಾರೆಯೇ ಎಂದು ಅಧಿಕಾರಿಗಳು ಸ್ಥಳಕ್ಕೇ ಹೋಗಿ ನೋಡಲಿ.

– ಓದುಗರೊಬ್ಬರು, ಚಿಕ್ಕಬಳ್ಳಾಪುರ