ಅಕ್ಕಂಗೆ, ಆ ಇಬ್ರು ಪೆದ್ದರ ಸಿನಿಮಾ ಬಗ್ಗೆ

ಅಕ್ಕಾ,

ಎಲ್ರೂ ಹೇಗಿದೀರ? ಅಮ್ಮನ ಮಂಡಿ ನೋವು ಕಡಿಮೆ ಆಯ್ತಾ? ನಾನು ಆರಾಮಾಗಿದೀನಿ, ಡೆನ್ವರ್‌ನಲ್ಲಿ ಚಳಿ ಶುರುವಾಗಿದೆ ಅಷ್ಟೆ.

ಪುಟ್ಟ ‘ಡಂಬ್ ಅಂಡ್ ಡಂಬರ್’ ನೋಡ್ಬೇಕು ಅಂತ ಹಠ ಮಾಡ್ತಿದಾನೆ, ತೋರಿಸ್ಬೋದಾ ಅಂತ ಕೇಳಿದ್ಯಲ್ಲ, ಅದು ಫೋನಲ್ಲಿ ಹೂಂ ಉಹೂಂ ಅಂದು ಮುಗಿಸೋ ವಿಷ್ಯ ಅಲ್ಲ, ಅದಕ್ಕೆ ಬರೀತಿದೀನಿ. 1994ರದ್ದು ಅದು, ಫ್ಯಾರೆಲಿ ಬ್ರದರ್ಸ್ ತೆಗೆದಿದ್ದು. ಲಾಯ್ಡ್, ಹ್ಯಾರಿ ಅಂತ ಇಬ್ರು ಪರಮ ಪೆದ್ದರು. ಲಾಯ್ಡ್ ಲಿಮೋಸಿನ್ ಡ್ರೈವರ್, ಏರ್‌ಪೋರ್ಟಿಗೆ ಬಿಟ್ಟ ಹುಡುಗಿ ಸೂಟ್‌ಕೇಸ್ ಮರೆತು ಹೋದ್ಲು ಅನ್ಕೊಂಡು ಅದನ್ನ ಎತ್ಕೊಂಡು ರೋಡ್ ಐಲೆಂಡ್‌ನಿಂದ ನಮ್ಮ ಕೊಲರಾಡೋದ ಆಸ್ಪೆನ್‌ವರೆಗೂ ಕೊಡೋಕೆ ಹೊರಡ್ತಾನೆ, ಅವಳು ಬೇಕಂತಲೇ ಬಿಟ್ಟಿದ್ದು, ಅದ್ರಲ್ಲಿರೋದು ಕಿಡ್ನ್ಯಾಪ್ ಆಗಿರೋ ಗಂಡನ್ನ ಬಿಡಿಸ್ಕೊಳ್ಳೋ ದುಡ್ಡು ಅಂತ ಇವ್ರಿಗೆ ಗೊತ್ತೇ ಇಲ್ಲ.

ನನಗೆ ಇವತ್ತಿಗೂ ನಗು ಬರತ್ತೆ ನೋಡು, ಯಾಕಂದ್ರೆ ಇಬ್ರೂ ಒಂದ್ಸಲಕ್ಕೂ ‘ನಾವು ತಮಾಷೆ ಮಾಡ್ತಿದೀವಿ’ ಅಂತ ತೋರಿಸ್ಕೊಳ್ಳಲ್ಲ. ಸೂಟ್‌ಕೇಸ್ ದುಡ್ಡಲ್ಲಿ ಲ್ಯಾಂಬೋರ್ಗಿನಿ ತಗೊಂಡು, ಒಂದು ಕಿತ್ತಳೆ ಒಂದು ತಿಳಿನೀಲಿ ಸೂಟು ಹೊಲಿಸ್ಕೊಂಡ ಹಾಗೆ ಹಾಕ್ಕೊಂಡು ಮೆರೆದು, ಖರ್ಚಾದ ಪ್ರತಿ ಡಾಲರ್‌ಗೂ ‘ಇಷ್ಟು ವಾಪಸ್ ಕೊಡ್ತೀವಿ’ ಅಂತ ಚೀಟಿ ಬರೆದಿಟ್ಟು, ಕೊನೆಗೆ ಆ ಕಿಡ್ನ್ಯಾಪರ್‌ಗೇ ಆ ಚೀಟಿಗಳನ್ನ ತೋರಿಸಿ ಇದೂ ದುಡ್ಡಿನಷ್ಟೇ ಗಟ್ಟಿ ಅಂತಾರೆ, ಮುಖದಲ್ಲಿ ಎಂಥಾ ಪ್ರಾಮಾಣಿಕತೆ ಅಂತೀಯ! ಹೋಟೆಲ್ ಬಾರಲ್ಲಿ ಗೋಡೆಗೆ ಫ್ರೇಮ್ ಹಾಕಿಟ್ಟಿರೋ ಹಳೇ ಪೇಪರ್ ನೋಡಿ ‘ಚಂದ್ರನ ಮೇಲೆ ಇಳಿದ್ಬಿಟ್ರಂತೆ’ ಅಂತ ಲಾಯ್ಡ್ ಕುಣಿದಾಡ್ತಾನೆ, ಅಲ್ಲಿ ಡೈಲಾಗ್‌ಗಿಂತ ಅವನ ಖುಷಿನೇ ಜೋಕು. ಲಾಯ್ಡ್ ಆಗಿರೋ ಜಿಮ್ ಕ್ಯಾರಿದು ಆ ಮುರಿದ ಹಲ್ಲು ಮೇಕಪ್ ಅಲ್ಲ ಕಣೆ, ಅವನದೇ ಹಲ್ಲು, ಮೇಲಿದ್ದ ಕ್ಯಾಪ್ ತೆಗೆಸಿದ್ದು. ಅದೇ ವರ್ಷ ಅವನ ‘ಏಸ್ ವೆಂಚುರಾ’, ‘ದ ಮಾಸ್ಕ್’ ಎರಡೂ ಹಿಟ್ಟಾಗಿದ್ವು, ಹಂಗಾಗಿ ಸುಮಾರು 1.7 ಕೋಟಿ ಡಾಲರ್ ಬಜೆಟ್ಟಲ್ಲಿ 70 ಲಕ್ಷ ಅವನ ಸಂಭಾವನೆಗೇ ಹೋಯ್ತು. ಆದ್ರೆ ನಿಜವಾದ ಧೈರ್ಯ ಹ್ಯಾರಿ ಆಗಿರೋ ಜೆಫ್ ಡೇನಿಯಲ್ಸ್‌ದು, ನಾಟಕ, ಸೀರಿಯಸ್ ಪಾತ್ರ ಮಾಡ್ಕೊಂಡಿದ್ದ ಮನುಷ್ಯ ಬಂದು ಭೇದಿ ಔಷಧಿ ಕುಡಿದು ಕೆಟ್ಟ ಕಮೋಡ್ ಮೇಲೆ ಕೂತು ಒದ್ದಾಡ್ತಾನೆ. ಅಮ್ಮನ ಮುಂದೆ ಆ ಸೀನ್ ಬಂತೋ ನಿನ್ನ ಕಥೆ ಮುಗೀತು.

ಆಸ್ಪೆನ್ ಅಂತ ತೋರಿಸೋ ಹೋಟೆಲ್ ಇರೋದು ಕೊಲರಾಡೋದ್ದೇ ಎಸ್ಟೆಸ್ ಪಾರ್ಕ್ ಅನ್ನೋ ಊರಲ್ಲಿ, ಸ್ಟ್ಯಾನ್ಲಿ ಹೋಟೆಲ್, ನಾನು ಹೋಗಿ ಬಂದೆ. 1909ರದ್ದು. ಲೇಖಕ ಸ್ಟೀಫನ್ ಕಿಂಗ್‌ಗೆ ‘ದ ಶೈನಿಂಗ್’ ಕಾದಂಬರಿ ಹೊಳೆದಿದ್ದೂ ಅಲ್ಲೇ ಉಳ್ಕೊಂಡಾಗ. ದೆವ್ವದ ಕಥೆ ಹುಟ್ಟಿದ ಕಟ್ಟಡದಲ್ಲೇ ಈ ಇಬ್ರು ಕೋಲು ಹಿಡ್ಕೊಂಡು ಮೆಟ್ಟಿಲ ಮೇಲೆ ಹೊಡೆದಾಡ್ಕೊಂಡು ರೇಸ್ ಓಡಿದ್ದು.

ಈಗ ಬೇಜಾರಿನ ವಿಷ್ಯ. ಕಣ್ಣು ಕಾಣದ ಒಬ್ಬ ಹುಡುಗಂಗೆ ಲಾಯ್ಡ್ ಸತ್ತ ಪಕ್ಷಿ ಮಾರ್ತಾನೆ, ಕಿತ್ತುಹೋದ ತಲೇನ ಟೇಪಲ್ಲಿ ಅಂಟಿಸಿ! ಥಿಯೇಟರೆಲ್ಲ ನಕ್ಕಿರತ್ತೆ, ನನಗಂತೂ ಹೊಟ್ಟೆ ಕಿವುಚತ್ತೆ, ಯಾಕಂದ್ರೆ ಬೇರೆ ಕಡೆ ಪೆದ್ದುತನ ಇವರ ತಲೆ ಮೇಲೇ ಬೀಳತ್ತೆ, ಇಲ್ಲಿ ಏನೂ ತಿಳೀದ ಮಗು ಮೇಲೆ ಬೀಳತ್ತೆ. ಹೆದ್ದಾರಿ ಟಾಯ್ಲೆಟ್ಟಲ್ಲಿ ಒಬ್ಬ ದಾಂಡಿಗ ಲಾಯ್ಡ್‌ನ ಬಲಾತ್ಕಾರ ಮಾಡೋಕೆ ಬರೋದನ್ನೂ ಕಾಮಿಡಿ ಮಾಡಿದಾರೆ, ಅಸಹ್ಯ. ಇನ್ನು ಹೀರೋಯಿನ್‌ಗೆ ಚೆನ್ನಾಗಿ ಕಾಣೋದು ಬಿಟ್ರೆ ಕೆಲ್ಸಾನೇ ಇಲ್ಲ.

ಅಮೆರಿಕಾದಲ್ಲಿ ಇದಕ್ಕೆ ಪಿಜಿ-13 ಸರ್ಟಿಫಿಕೇಟು, ಅಂದ್ರೆ 13ಕ್ಕಿಂತ ಚಿಕ್ಕವ್ರಿದ್ರೆ ಅಪ್ಪ ಅಮ್ಮ ಯೋಚ್ನೆ ಮಾಡಿ ಅಂತ. ಪುಟ್ಟಂಗೆ ಭಾವ ಪಕ್ಕದಲ್ಲಿ ಕೂತು ತೋರಿಸ್ಲಿ, ಆ ಟಾಯ್ಲೆಟ್ ಹೊಡೆದಾಟ ಓಡಿಸ್ಲಿ, ಹಕ್ಕಿ ಸೀನ್ ಮಾತ್ರ ಓಡಿಸ್ಬೇಡಿ, ನೋಡಿ ನಗ್ತಾನಾ ಇಲ್ವಾ ಅಂತ ನನಗೆ ಬರಿ. 2014ರಲ್ಲಿ ಇದೇ ಇಬ್ರು ಎರಡನೇ ಭಾಗ ಮಾಡಿದಾರೆ, ಅದನ್ನ ಹುಡುಕೋಕೂ ಹೋಗ್ಬೇಡಿ.

ನಿನ್ನ ತಮ್ಮ