ಮನೆಮುಂದಿನ ಪಾತಿಗೆ ಗಿಡ ಆರಿಸುವ ಮುನ್ನ

ಚಿರಂಜೀವಿ ಮಗುವಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು. ಉಭಯಕುಶಲೋಪರಿ.

ನೀನು ಕಳುಹಿಸಿದ ಫೋಟೋಗಳನ್ನು ನೋಡಿದೆ. ಕಿಟಕಿಯ ಅರ್ಧವನ್ನು ಮುಚ್ಚಿ ಮೆಟ್ಟಿಲಿನ ಮೇಲೂ ಚಾಚಿಕೊಂಡಿರುವ ಆ ಪೊದೆಗಳನ್ನು ಬುಡಸಮೇತ ಕಿತ್ತು, ಬರುವ ಭಾನುವಾರವೇ ಹೊಸ ಗಿಡಗಳನ್ನು ತರುವುದಾಗಿ ಬರೆದಿದ್ದೀಯೆ. ತರುವ ಕೆಲಸವನ್ನು ಎರಡು ವಾರ ಮುಂದೂಡು ಎಂದು ಹೇಳುವುದಕ್ಕಾಗಿಯೇ ಈ ಪತ್ರ.

ಮೊದಲು ಇರುವ ಪೊದೆಯ ಎಲೆಗಳನ್ನು ಎರಡು ಕೈಗಳಿಂದ ಸರಿಸಿ ಒಳಗೆ ಇಣುಕಿ ನೋಡು. ಹೊರಗೆ ಒಂದು ಗೇಣಿನಷ್ಟು ಮಾತ್ರ ಹಸಿರಿದ್ದು, ಒಳಗೆಲ್ಲ ಬೂದುಬಣ್ಣದ ಒಣಕಡ್ಡಿ, ಉದುರಿದ ಎಲೆ, ಜೇಡರ ಬಲೆ ತುಂಬಿದ್ದರೆ, ಅದು ವರ್ಷಗಟ್ಟಲೆ ಮೇಲ್ಮೈಯನ್ನಷ್ಟೇ ಕತ್ತರಿಸುತ್ತ ಬಂದದ್ದರ ಫಲ; ಬೆಳಕು ಕಾಣದ ಒಳಗೊಂಬೆಗಳು ಬೋಳಾಗಿವೆ. ದಾಸವಾಳ, ನಂದಿಬಟ್ಟಲುಗಳು ಬುಡದಿಂದ ಮತ್ತೆ ಚಿಗುರಬಲ್ಲವಾದ್ದರಿಂದ, ಹಳೆಯ ಕಾಂಡಗಳಲ್ಲಿ ಮೂರನೆಯ ಒಂದು ಪಾಲನ್ನು ಪ್ರತಿವರ್ಷ ಬುಡದವರೆಗೆ ಕತ್ತರಿಸುತ್ತ ಹೋದರೆ 3 ವರ್ಷಗಳಲ್ಲಿ ಪೊದೆಯೇ ಹೊಸದಾಗುತ್ತದೆ. ಗೋಪುರದಂತೆ ಬೆಳೆಯುವ ಅಲಂಕಾರದ ಗಿಡ ಥೂಜಾದ ಬೋಳು ಕೊಂಬೆ ಹಾಗೆ ಚಿಗುರುವುದಿಲ್ಲ. ಗಿಡದ ಸಹಜ ಗಾತ್ರವೇ ಆ ಜಾಗಕ್ಕೆ ಹೆಚ್ಚಾಗಿದ್ದರೆ ಮಾತ್ರ ಈ ಉಪಚಾರವೆಲ್ಲ ವ್ಯರ್ಥ. ಅಂಥದನ್ನು ಕನಿಕರಪಡದೆ ಬೇರುಸಹಿತ ತೆಗೆಸಿಬಿಡು.

ಗಾತ್ರದ ವಿಷಯದಲ್ಲಿ ನಾನೇ ಮೋಸಹೋದವನು. ಮೊಣಕಾಲೆತ್ತರದ ನಾಲ್ಕು ದಾಸವಾಳದ ಸಸಿಗಳನ್ನು, ಅವುಗಳ ಹೂವಿಗೆ ಮರುಳಾಗಿ, ಗೋಡೆಯಿಂದ ಕೇವಲ ಒಂದೂವರೆ ಅಡಿಯಲ್ಲಿ ಕಿಟಕಿಯ ಕೆಳಗೇ ನೆಟ್ಟಿದ್ದೆ. ಅವು ಆಳೆತ್ತರ ಮೀರಿದ ಮೇಲೆ ತಿಂಗಳಿಗೊಮ್ಮೆ ಕತ್ತರಿ ಹಿಡಿಯಬೇಕಾಯಿತು. ದಾಸವಾಳ ಹೂಬಿಡುವುದು ಹೊಸ ಚಿಗುರಿನಲ್ಲಿ. ಆ ಚಿಗುರನ್ನೇ ನಾನು ತಿಂಗಳು ತಿಂಗಳೂ ಕತ್ತರಿಸಿ ಎಸೆಯುತ್ತಿದ್ದುದರಿಂದ, ಯಾವ ಹೂವಿಗಾಗಿ ಗಿಡ ತಂದೆನೋ ಅದನ್ನು ಕಾಣುವುದೇ ಅಪರೂಪವಾಯಿತು. ತಪ್ಪು ಗಿಡದ್ದಲ್ಲ, ನನ್ನ ಅಳತೆಯದು.

ಆದ್ದರಿಂದ ಅಂಗಡಿಯಲ್ಲಿ ಹೂವಿನ ಬಣ್ಣಕ್ಕಿಂತ ಮೊದಲು, ಪೂರ್ತಿ ಬೆಳೆದಾಗ ಅದರ ಎತ್ತರವೆಷ್ಟು, ಹರವೆಷ್ಟು ಎಂದು ಕೇಳು. ಹರವು 4 ಅಡಿಯೆಂದಾದರೆ ಗಿಡದ ಬುಡ ಗೋಡೆಯಿಂದ 3 ಅಡಿ ದೂರವಿರಬೇಕು: ಹರವಿನ ಅರ್ಧ 2 ಅಡಿ, ಗಾಳಿಯಾಡುವುದಕ್ಕೆ ಇನ್ನೊಂದು ಅಡಿ. (ಗೋಡೆಗೆ ಬಣ್ಣ ಬಳಿಯುವವನಿಗೂ ನಿಲ್ಲಲು ಜಾಗ ಬೇಕಲ್ಲವೆ?) ಹಗ್ಗವನ್ನು ಅಷ್ಟೇ ಹರವಿನ ವೃತ್ತವಾಗಿ ನೆಲದ ಮೇಲೆ ಹಾಸಿ, ಬಾಗಿಲಿನಿಂದೊಮ್ಮೆ, ಗೇಟಿನಿಂದೊಮ್ಮೆ ನೋಡು. ಹತ್ತು ಗಿಡ ಹಿಡಿಯುತ್ತದೆಂದುಕೊಂಡ ಪಾತಿಗೆ ನಾಲ್ಕೇ ಸಾಕೆಂದು ಆಗ ತಾನಾಗಿಯೇ ತಿಳಿಯುತ್ತದೆ. ಮೊದಲೆರಡು ವರ್ಷ ನಡುವಿನ ಮಣ್ಣು ಬರಿದಾಗಿ ಕಂಡರೆ ಚೆಂಡುಹೂವಿನಂಥ ಒಂದೇ ಹಂಗಾಮಿನ ಗಿಡಗಳಿಂದ ತುಂಬಿಸು.

ಈ ಎರಡು ವಾರಗಳಲ್ಲಿ ಬಿಸಿಲನ್ನೂ ಗಮನಿಸು. ದಿನಕ್ಕೆ 6 ಗಂಟೆಗೂ ಹೆಚ್ಚು ನೇರ ಬಿಸಿಲು ಬಿದ್ದರೆ ಹೂವಿನ ಗಿಡಗಳಲ್ಲಿ ಬಹುಪಾಲು ಸುಖವಾಗಿರುತ್ತವೆ. ಸೂರಿನಡಿಯ ಪಟ್ಟಿಗೆ ಮಳೆಗಾಲದಲ್ಲೂ ನೀರು ತಲುಪುವುದಿಲ್ಲವೆಂಬುದನ್ನು ಅನೇಕರು ಮರೆಯುತ್ತಾರೆ. ಒಂದು ಅಡಿ ಆಳದ ಗುಂಡಿ ತೋಡಿ, ಒಮ್ಮೆ ನೀರು ತುಂಬಿಸಿ ಇಂಗಲು ಬಿಟ್ಟು, ಮತ್ತೆ ತುಂಬಿಸು; ಗಂಟೆಗೆ ಒಂದು ಅಂಗುಲವೂ ಇಳಿಯದಿದ್ದರೆ ಅಲ್ಲಿ ಬೇರು ಕೊಳೆಯುವ ಭಯವಿದೆ, ಪಾತಿಯನ್ನು ಎತ್ತರಿಸಬೇಕಾಗುತ್ತದೆ.

ಕಿಟಕಿಯ ಕೆಳಗೆ ಗಿಡ್ಡತಳಿಯ ಕೇಪಳ ನನ್ನ ಮೊದಲ ಆಯ್ಕೆ. ಅದು 2–3 ಅಡಿಗಿಂತ ಹೆಚ್ಚು ಬೆಳೆಯುವುದು ಅಪರೂಪ. ಒಂದು ಎಚ್ಚರಿಕೆಯಿದೆ. ಕೇಪಳಕ್ಕೆ ಆಮ್ಲೀಯ ಮಣ್ಣು ಬೇಕು. ಸಿಮೆಂಟು ಗೋಡೆಯ ಬುಡದಲ್ಲಿ ಸುಣ್ಣದಂಶ ಮಣ್ಣಿಗಿಳಿದರೆ ಬೇರಿಗೆ ಕಬ್ಬಿಣಾಂಶ ದಕ್ಕದೆ, ನರಗಳು ಮಾತ್ರ ಹಸಿರಾಗಿ ಉಳಿದು ಎಳೆಯ ಎಲೆಗಳೆಲ್ಲ ಹಳದಿಯಾಗುತ್ತವೆ. ಹಾಗಾಗಿ ಗಾರೆಯ ಚೂರುಗಳನ್ನು ಆಯ್ದು ತೆಗೆದು, ಕಾಂಪೋಸ್ಟ್ ಬೆರೆಸಿಯೇ ನೆಡು. ಮೂಲೆಗೆ ನಂದಿಬಟ್ಟಲು ಒಪ್ಪುತ್ತದೆ; ಅದು 6 ಅಡಿ ಮೀರಬಹುದಾದ್ದರಿಂದ ಕಿಟಕಿಯ ಹತ್ತಿರ ಬೇಡ. ಕಣಗಿಲೆಯನ್ನು ಮಾತ್ರ, ಎಷ್ಟೇ ಚೆಂದ ಕಂಡರೂ, ಮಕ್ಕಳು ಆಡುವ ಅಂಗಳಕ್ಕೆ ತರಬೇಡ. ಅದರ ಎಲೆ, ಹೂವು, ಕಾಂಡ ಎಲ್ಲವೂ ವಿಷ. ಡುರಾಂಟಾ ಗಿಡದ ಹಳದಿ ಕಾಯಿಗಳ ವಿಷಯದಲ್ಲೂ ಅದೇ ಮಾತು.

ನೆಡುವಾಗ ಗುಂಡಿಯ ಅಗಲ ಬೇರುಗಡ್ಡೆಯ ಎರಡರಷ್ಟಿರಲಿ, ಆಳ ಮಾತ್ರ ಅದರಷ್ಟೇ ಇರಲಿ. ಕುಂಡದೊಳಗೆ ಸುತ್ತಿಕೊಂಡ ಬೇರುಗಳನ್ನು ಬಿಡಿಸದೆ ನೆಡಬಾರದು. ಒಣಎಲೆಯ ಹೊದಿಕೆಯನ್ನು ಎರಡು–ಮೂರು ಅಂಗುಲ ದಪ್ಪ ಹಾಸಿದರೂ ಕಾಂಡಕ್ಕೆ ತಾಗದಂತೆ ನೋಡಿಕೋ.

ಪಾತಿಯ ಉದ್ದಗಲ, ಕಿಟಕಿಯ ಕೆಳಅಂಚಿನ ಎತ್ತರ, ಬಿಸಿಲು ಬೀಳುವ ಹೊತ್ತು, ಇಷ್ಟನ್ನು ಒಂದು ಕಾಗದದಲ್ಲಿ ಬರೆದು ಕಳುಹಿಸು. ಗಿಡಗಳ ಪಟ್ಟಿಯನ್ನು ಅದನ್ನು ನೋಡಿದ ಮೇಲೆ ಬರೆಯುತ್ತೇನೆ.

ಇತಿ ನಿನ್ನ
ದೊಡ್ಡಪ್ಪ