ಕ್ಲೀವ್‌ಲ್ಯಾಂಡಿನಿಂದ ಅಪ್ಪಯ್ಯನಿಗೆ: ರಟ್ಟಿನ ಕಾರ್ಡುಗಳ ಚೇಣಿ

ಕ್ಲೀವ್‌ಲ್ಯಾಂಡ್, ಓಹಾಯೋ
2 ನವೆಂಬರ್ 2025

ತೀರ್ಥರೂಪರಾದ ಅಪ್ಪಯ್ಯನವರಿಗೆ ಸಾಷ್ಟಾಂಗ ನಮಸ್ಕಾರ.

ಇಲ್ಲಿ ಎಲ್ಲರೂ ಕ್ಷೇಮ. ಚಳಿ ಶುರುವಾಗಿದೆ. ಅಲ್ಲಿ ಅಡಿಕೆಯ ಕೊನೆಕೊಯ್ಲಿಗೆ ಆಳು ಸಿಕ್ಕಿದರೋ ಇಲ್ಲವೋ ಬರೆಯಿರಿ.

ಹಳೇ ರಟ್ಟಿನ ಚೂರಿಗೆ ಅಷ್ಟು ದುಡ್ಡು ಹೇಗೆ, ಅದನ್ನು ನಾವು ಇಲ್ಲಿ ಕೊಳ್ಳುವುದಾದರೂ ಹೇಗೆ ಅಂತ ಕೇಳಿದ್ದಿರಿ. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ ಅದು. ನಿಮಗೆ ಅರ್ಥವಾಗುವಂತೆ ಹೇಳುವುದಾದರೆ ಇದೂ ಚೇಣಿಯೇ. ಅಡಿಕೆ ಮರದಲ್ಲಿರುವಾಗಲೇ ಇಡೀ ತೋಟಕ್ಕೆ ಒಂದು ಮೊತ್ತ ಕಟ್ಟುವ ಹಾಗೆ, ಇಲ್ಲಿ ಯಾರದೋ ಮನೆಯ ನೆಲಮಾಳಿಗೆಯಲ್ಲಿ ಐವತ್ತು ಅರವತ್ತು ವರ್ಷದಿಂದ ಕೂತಿರುವ ಬೇಸ್‌ಬಾಲ್ ಕಾರ್ಡುಗಳನ್ನೆಲ್ಲ ಒಟ್ಟಿಗೆ ಕೊಳ್ಳುವುದು. ಒಳ್ಳೇ ಅಡಿಕೆಯ ರಾಶಿ ನಮಗಿರಲಿ, ಕೀಳು ದರ್ಜೆಯ ಗೊರಬಲು ನೀವೇ ಇಟ್ಟುಕೊಳ್ಳಿ ಎನ್ನುವ ಹಾಗಿಲ್ಲ. ಎಲ್ಲವನ್ನೂ ಹೊತ್ತು ತರಬೇಕು.

ಕಾರ್ಡು ಎಂದರೆ ಆಟಗಾರನ ಚಿತ್ರ ಮುಂದೆ, ಅವನ ಅಂಕಿಅಂಶ ಹಿಂದೆ, ಮೂಲೆಯಲ್ಲೊಂದು ನಂಬರು. ಮೊದಮೊದಲು ಸಿಗರೇಟು ಪೊಟ್ಟಣದಲ್ಲಿ ಬರುತ್ತಿತ್ತು, ಆಮೇಲೆ ಬಬಲ್ ಗಮ್ ಜೊತೆ. 1909–11ರ ತಂಬಾಕಿನ ಕಾರ್ಡುಗಳಿಗೆ ಟಿ206 ಎನ್ನುತ್ತಾರೆ, ಅಗಲ ಒಂದೂವರೆ ಇಂಚೂ ಇಲ್ಲ. 1933ರಲ್ಲಿ ಗೌಡಿ ಎಂಬ ಗಮ್ ಕಂಪನಿ 240 ನಂಬರಿನ ಸೆಟ್ ತಂದಿತು, ಅದರಲ್ಲಿ ಆ ಕಾಲದ ಮಹಾ ಆಟಗಾರ ಬೇಬ್ ರೂತ್ ಒಬ್ಬನದೇ ನಾಲ್ಕು ಕಾರ್ಡು. ಎರಡನೇ ಮಹಾಯುದ್ಧದ ನಂತರ ಬೋಮನ್ ಎಂಬ ಕಂಪನಿ ಬಂತು, ಅದರ ಹಿಂದೆ ಬ್ರೂಕ್ಲಿನ್ನಿನ ಟಾಪ್ಸ್. 1956ರಲ್ಲಿ ಟಾಪ್ಸ್ ಬೋಮನ್ನನ್ನೇ ಕೊಂಡಿತು. ಮನೆಗಳಿಂದ ಈಗ ಹೊರಬರುವ ಸರಕಿನಲ್ಲಿ ಹೆಚ್ಚಿನದು 1951ರಿಂದ 1975ರ ನಡುವಿನ ಟಾಪ್ಸ್.

ಅಷ್ಟೂ ಮಕ್ಕಳು ಕೊಂಡದ್ದು ಎನ್ನುವುದನ್ನು ಮರೆಯಬಾರದು. ವ್ಯಾಪಾರದ ಅರ್ಧ ಗುಟ್ಟು ಅಲ್ಲೇ ಇದೆ. ಮಕ್ಕಳು ಕಾರ್ಡುಗಳನ್ನು ನಂಬರಿನಂತೆ ಜೋಡಿಸಿ ರಬ್ಬರ್ ಬ್ಯಾಂಡ್ ಹಾಕಿ ಶೂ ಡಬ್ಬಿಯಲ್ಲಿ ಇಡುತ್ತಿದ್ದರು. ಬ್ಯಾಂಡು ಕಚ್ಚುವುದು ಮೊದಲ ಕಾರ್ಡನ್ನು ಮತ್ತು ಕೊನೆಯದನ್ನು. 1952ರ ಟಾಪ್ಸ್ ಸೆಟ್ಟಿನಲ್ಲಿ 407 ಕಾರ್ಡು. ಒಂದನೇ ನಂಬರಿನವನು ಆಂಡಿ ಪಾಫ್ಕೋ. ಆಟಗಾರನಾಗಿ ಅವನು ಅದೇ ಸೆಟ್ಟಿನ ದೊಡ್ಡ ಹೆಸರಾದ ಮಿಕ್ಕಿ ಮ್ಯಾಂಟಲ್‌ನ ಹತ್ತಿರಕ್ಕೂ ಬರುವುದಿಲ್ಲ, ಆದರೂ ಅವನ ಕಾರ್ಡು ಮೂಲೆ ಮಾಸದೆ ಸಿಕ್ಕರೆ ಜನ ಮುಗಿಬೀಳುತ್ತಾರೆ, ಯಾಕೆಂದರೆ ಎಲ್ಲ ಕಟ್ಟಿನಲ್ಲೂ ಏಟು ತಿಂದವನು ಅವನೇ. ಕೊನೆಯ ನಂಬರಿನ ಎಡ್ಡಿ ಮ್ಯಾಥ್ಯೂಸನ ಪಾಡೂ ಅದೇ. ಅದಕ್ಕೇ ಒಂದು ಕಟ್ಟು ಕೈಗೆ ಬಂದಾಗ ಮೊದಲು ಎರಡೂ ತುದಿ ನೋಡುತ್ತೇವೆ. ಎರಡೂ ಬದಿಯ ಅಂಚಿನಲ್ಲಿ ಸಣ್ಣ ಕಚ್ಚು ಬಿದ್ದು, ಬ್ಯಾಂಡು ಕರಗಿ ಕಂದು ಗೆರೆ ಅಂಟಿದ್ದರೆ ಬೇಸರ ಬೇಡ. ಈ ಕಟ್ಟನ್ನು ಯಾರೂ ಬಿಚ್ಚಿ ಆರಿಸಿಲ್ಲ ಎನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ.

ಆರಿಸಿದ ತೋಟ ಎಂದು ನೀವು ಹೇಳುತ್ತೀರಲ್ಲ, ಇಲ್ಲೂ ಅದೇ ದೊಡ್ಡ ಅಪಾಯ. 1959ರ ಟಾಪ್ಸ್ 572 ಕಾರ್ಡಿನ ಸೆಟ್. ಐನೂರು ಕಾರ್ಡು ಇದೆ ಅಂತ ಮಾಲೀಕರು ಹೇಳುತ್ತಾರೆ, ಸುಳ್ಳಲ್ಲ. ಆದರೆ 10ನೇ ನಂಬರಿನ ಮ್ಯಾಂಟಲ್, 50ರ ವಿಲ್ಲಿ ಮೇಸ್, 163ರ ಸ್ಯಾಂಡಿ ಕೋಫ್ಯಾಕ್ಸ್, 380ರ ಹ್ಯಾಂಕ್ ಏರನ್, 514ರ ಬಾಬ್ ಗಿಬ್ಸನ್ ಈ ಐದು ದೊಡ್ಡ ಹೆಸರಿನವೂ ಇಲ್ಲದಿದ್ದರೆ ಅದು ಕಾಕತಾಳೀಯವಲ್ಲ. ಹಿಂದೆ ಯಾರೋ ಬಂದು ಒಳ್ಳೊಳ್ಳೆಯ ಗೊನೆಗಳನ್ನಷ್ಟೇ ಕೊಯ್ದುಕೊಂಡು ಹೋಗಿದ್ದಾರೆ. ಮನೆಯವರಿಗೇ ಅದು ಗೊತ್ತಿಲ್ಲದಿರಬಹುದು. ಇರುವುದನ್ನು ಎಣಿಸುವುದಕ್ಕಿಂತ ಇಲ್ಲದ್ದನ್ನು ಎಣಿಸಿದರೆ ಬೇಗ ತಿಳಿಯುತ್ತದೆ.

ನಂಬರಿನಲ್ಲಿ ಇನ್ನೊಂದು ಸೂಕ್ಷ್ಮ. 1973ರವರೆಗೆ ಟಾಪ್ಸ್ ವರ್ಷದ ಕಾರ್ಡುಗಳನ್ನು ಒಮ್ಮೆಗೇ ಬಿಡುತ್ತಿರಲಿಲ್ಲ, ಕಂತು ಕಂತಾಗಿ ಬಿಡುತ್ತಿತ್ತು. ಕೊನೆಯ ಕಂತು ಅಂಗಡಿಗೆ ಬರುವ ಹೊತ್ತಿಗೆ ಶಾಲೆ ಶುರುವಾಗಿ, ಮಕ್ಕಳ ಮನಸ್ಸು ಫುಟ್ಬಾಲಿನ ಕಡೆ ಹೋಗಿರುತ್ತಿತ್ತು. ಅಂಗಡಿಯವರು ಕಡಿಮೆ ತರಿಸುತ್ತಿದ್ದರು. ಹಾಗಾಗಿ ಕೊನೆಯ ಕಂತಿನ, ಹೈ ನಂಬರ್ ಎನ್ನುವ ಕಾರ್ಡುಗಳು ಹೆಸರಿಲ್ಲದ ಆಟಗಾರನದಾದರೂ ದುಬಾರಿ. 1952ರ 311ರಿಂದ ಮುಂದಿನವಂತೂ ಗೋದಾಮಿನಲ್ಲೇ ಕೊಳೆತು, 1960ರಲ್ಲಿ ಅವನ್ನು ದೋಣಿಗೆ ತುಂಬಿಸಿ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿಸಿದೆ ಎಂದು ಟಾಪ್ಸಿನಲ್ಲಿದ್ದ ಸೈ ಬರ್ಗರ್ ಹೇಳಿಕೊಂಡಿದ್ದರು. ಆ 311ನೇ ನಂಬರೇ ಮ್ಯಾಂಟಲ್. ಅದರ ಒಂದು ಪ್ರತಿ 2022ರಲ್ಲಿ 1.26 ಕೋಟಿ ಡಾಲರಿಗೆ ಹೋಯಿತು. ಆ ಸುದ್ದಿಯಿಂದ ನಮಗೆ ಉಪಕಾರಕ್ಕಿಂತ ಉಪದ್ರವವೇ ಜಾಸ್ತಿ, ಎಲ್ಲರ ಮನೆಯ ಮ್ಯಾಂಟಲ್ಲೂ ಅಷ್ಟೇ ಬಾಳುತ್ತದೆ ಎಂದುಕೊಂಡುಬಿಟ್ಟಿದ್ದಾರೆ.

ಹೋಗುವ ಮೊದಲು ಫೋನಿನಲ್ಲಿ ಕೇಳಬೇಕಾದ್ದು ಕೆಲವಿದೆ. ಕಾರ್ಡು ಕೂಡಿಟ್ಟವರು ಯಾರು, ಅವರು ಹುಟ್ಟಿದ ವರ್ಷ ಯಾವುದು. 1948ರಲ್ಲಿ ಹುಟ್ಟಿದವರಾದರೆ 1956ರಿಂದ 62ರ ಕಾರ್ಡು ಇರಬೇಕು. ಅಲ್ಲಿ 1933ರ ಗೌಡಿ ಹತ್ತು ಕಂಡರೆ ಅವು ಆಮೇಲೆ ಕೊಂಡದ್ದು, ಹಾಗಾಗಿ ನಕಲಿಯ ಭಯ ಹೆಚ್ಚು. ಎಲ್ಲಿಟ್ಟಿದ್ದರು, ನೆಲಮಾಳಿಗೆಗೆ ಎಂದಾದರೂ ನೀರು ನುಗ್ಗಿತ್ತೇ, ಮನೆಯಲ್ಲಿ ಸಿಗರೇಟು ಸೇದುವವರಿದ್ದರೇ, ಬೇರೆ ಯಾರಿಗಾದರೂ ತೋರಿಸಿದ್ದೀರಾ. ಆಮೇಲೆ ಒಂಬತ್ತೊಂಬತ್ತು ಕಾರ್ಡನ್ನು ಮೇಜಿನ ಮೇಲೆ ಹರಡಿ ಮುಂದೆ ಹಿಂದೆ ಎರಡೂ ಕಡೆ ಫೋಟೋ ಕೇಳುತ್ತೇವೆ. ಎಲ್ಲವೂ 1987ರಿಂದ 93ರ ನಡುವಿನವಾದರೆ ಅಲ್ಲಿಗೇ ನಿಲ್ಲಿಸಿ ಸತ್ಯ ಹೇಳಿಬಿಡುವುದು ಮೇಲು. ಆ ಕಾಲದಲ್ಲಿ ಕಂಪನಿಗಳು ಲೆಕ್ಕವಿಲ್ಲದಷ್ಟು ಅಚ್ಚು ಹಾಕಿದವು. ಜನ ಮಕ್ಕಳ ಕಾಲೇಜು ಫೀಸಿಗೆ ಆಗುತ್ತದೆಂದು ಪೆಟ್ಟಿಗೆಗಟ್ಟಲೆ ಕೂಡಿಟ್ಟರು. ಈಗ ಐದು ಸಾವಿರ ಕಾರ್ಡಿನ ಪೆಟ್ಟಿಗೆ ಒಂಬತ್ತು ಹತ್ತು ಕೆಜಿ ತೂಗುತ್ತದೆ, ಒಳಗಿನ ಬಹುಪಾಲು ಸಾಗಣೆ ಖರ್ಚಿಗೂ ಸಾಲದು.

ಹೋಗುವಾಗ ಚೀಲದಲ್ಲಿರುವುದು: ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ, ಮಿಲಿಮೀಟರಿನ ಸ್ಟೀಲ್ ಸ್ಕೇಲು, ನೇರಳಾತೀತ ಟಾರ್ಚು, ಪ್ಲಾಸ್ಟಿಕ್ ಸ್ಲೀವ್, ನೋಟುಬುಕ್ಕು, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಆಯಾ ವರ್ಷದ ಒಂದೊಂದು ಅಸಲಿ ಸಾಧಾರಣ ಕಾರ್ಡು, ಪಕ್ಕದಲ್ಲಿಟ್ಟು ಹೋಲಿಸುವುದಕ್ಕೆ. ಕೈಗವಸು ಬೇಡ, ಬಟ್ಟೆಯ ಎಳೆ ಮೂಲೆಗೆ ಸಿಕ್ಕಿಕೊಳ್ಳುತ್ತದೆ. ಕೈ ತೊಳೆದು ಒರೆಸಿಕೊಂಡರೆ ಸಾಕು. ಅಂದಾಜು ಎಣಿಕೆಗೆ ಸ್ಕೇಲೇ ಸಾಕು: ನಿಲ್ಲಿಸಿಟ್ಟ ಸಾಲಿನಲ್ಲಿ ಇಂಚಿಗೆ 55ರಿಂದ 60 ಕಾರ್ಡು.

ಕಾರ್ಡು ನೋಡುವ ಕ್ರಮ ಹೀಗೆ. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನಿಧಾನವಾಗಿ ತಿರುಗಿಸಬೇಕು. ನೇರವಾಗಿ ನೋಡಿದರೆ ಕಾಣದ ಸುಕ್ಕು ಓರೆ ಬೆಳಕಿನಲ್ಲಿ ಕೂದಲೆಳೆಯಂತೆ ಹೊಳೆದು ಮಾಯವಾಗುತ್ತದೆ, ಆ ಒಂದು ಎಳೆಗೆ ಬೆಲೆ ಅರ್ಧಕ್ಕಿಳಿಯಬಹುದು. ಆಮೇಲೆ ನಾಲ್ಕು ಮೂಲೆ, ಚಿತ್ರ ನಡುವಿಗೆ ಕೂತಿದೆಯೋ ಇಲ್ಲವೋ, ಆಮೇಲೆ ಹಿಂಬದಿ. ಗಮ್ಮಿನ ಕಲೆ, ಪೆನ್ನಿನ ಗೀಟು, ಪುಸ್ತಕಕ್ಕೆ ಗೋಂದು ಹಾಕಿ ಅಂಟಿಸಿ ಕಿತ್ತಾಗ ಎದ್ದ ಕಾಗದ, ಇವೆಲ್ಲ ಇರುವುದು ಹಿಂದೆ. ಕ್ಲೀವ್‌ಲ್ಯಾಂಡಿನ ಮನೆಗಳಲ್ಲಿ ಹೆಚ್ಚಾಗಿ ಸವೆದಿರುವುದು ಊರ ಹುಡುಗರ ಕಣ್ಮಣಿ ರಾಕಿ ಕೊಲವಿಟೋನ ಕಾರ್ಡು. ದಿನಾ ಕೈಗೆತ್ತಿಕೊಂಡು ಮೂಲೆಗಳು ಹುಣಸೆ ಬೀಜದಂತೆ ಗುಂಡಗಾಗಿರುತ್ತವೆ.

ಮೂಲೆ ಸವೆದಿದ್ದನ್ನು ಕತ್ತರಿಸಿ ಚೂಪು ಮಾಡುವವರಿದ್ದಾರೆ. 1952ರಿಂದ 56ರ ಟಾಪ್ಸಿನ ಅಳತೆ 2⅝ × 3¾ ಇಂಚು, 1957ರಿಂದ 2½ × 3½. ಪಕ್ಕದಲ್ಲಿ ಅಸಲಿ ಕಾರ್ಡಿಟ್ಟು ನೋಡಿದಾಗ ಒಂದು ಬದಿ ಚಿಕ್ಕದಾಗಿದ್ದರೆ ಅಂಚನ್ನು ಭೂತಗನ್ನಡಿಯಲ್ಲಿ ನೋಡಬೇಕು. ಮೂರು ಅಂಚು ಮಾಸಿ ಒಂದೇ ಅಂಚು ಹೊಸದಾಗಿ ಬೆಳ್ಳಗಿದ್ದರೆ ಕತ್ತರಿ ಬಿದ್ದಿದೆ. ಕಾರ್ಖಾನೆಯಲ್ಲೂ ಕೂದಲಷ್ಟು ವ್ಯತ್ಯಾಸ ಆಗುತ್ತಿತ್ತು, ಅದಕ್ಕೇ ಬರೀ ಅಳತೆ ನಂಬಿ ತೀರ್ಪು ಕೊಡಬಾರದು. 1971ರ ಸೆಟ್ಟಿಗೆ ಕಪ್ಪು ಅಂಚು, ಮುಟ್ಟಿದರೆ ಬಿಳಿ ಸಿಪ್ಪೆ ಏಳುತ್ತದೆ. ಅದನ್ನು ಮಾರ್ಕರ್ ಪೆನ್ನಿನಿಂದ ಮುಚ್ಚಿರುತ್ತಾರೆ. ಕಾರ್ಡನ್ನು ಪಕ್ಕಕ್ಕೆ ತಿರುಗಿಸಿ ದಪ್ಪವನ್ನು ನೋಡಿ, ರಟ್ಟಿನ ಒಳಮೈಗೂ ಕಪ್ಪು ಇಳಿದಿದ್ದರೆ ಅದು ಪೆನ್ನು.

ನಕಲಿ ಹಿಡಿಯುವುದಕ್ಕೆ ಅಕ್ಷರ ನೋಡಬೇಕು. ಅಸಲಿಯಲ್ಲಿ ಹೆಸರು, ಗೆರೆಗಳು ಗಟ್ಟಿ ಶಾಯಿಯಲ್ಲಿ ಅಚ್ಚಾಗಿರುತ್ತವೆ. ಕಾರ್ಡಿನ ಫೋಟೋ ತೆಗೆದು ಮತ್ತೆ ಅಚ್ಚು ಹಾಕಿದ್ದರಲ್ಲಿ ಅಕ್ಷರವೂ ಚುಕ್ಕೆ ಚುಕ್ಕೆಯಾಗಿ ಒಡೆದಿರುತ್ತದೆ. ಯುದ್ಧಕ್ಕೆ ಮುಂಚಿನ ಕಾರ್ಡು ನೇರಳಾತೀತ ಬೆಳಕಿಗೆ ನೀಲಿಯಾಗಿ ಹೊಳೆದರೆ ಎತ್ತಿಡಬೇಕು. ಕಾಗದಕ್ಕೆ ಹೊಳಪಿನ ರಾಸಾಯನಿಕ ಬಂದದ್ದು ಆಮೇಲೆ. ಹೊಳೆಯದಿದ್ದರೆ ಅಸಲಿ ಎಂದರ್ಥವಲ್ಲ. 1952ರ ಸೆಟ್ಟನ್ನು ಟಾಪ್ಸ್ ತಾನೇ 1983ರಲ್ಲಿ ಮರುಮುದ್ರಿಸಿತು, ಅಳತೆ ಚಿಕ್ಕದು, ಸ್ಕೇಲಿಟ್ಟ ಕೂಡಲೇ ಗೊತ್ತಾಗುತ್ತದೆ. ಮಾರುವವರನ್ನು ಕಳ್ಳರೆಂದುಕೊಳ್ಳಬಾರದು. ಅವರ ಅಪ್ಪ ಮೂವತ್ತು ವರ್ಷದ ಹಿಂದೆ ಮೋಸಹೋಗಿರಬಹುದು ಅಷ್ಟೆ.

ಬೆಲೆ ಕಟ್ಟುವುದು. ಮಾಲೀಕರ ಕೈಯಲ್ಲಿ 1990ರ ಬೆಲೆ ಪುಸ್ತಕ ಇರುತ್ತದೆ, ಅದರಲ್ಲಿರುವುದು ಒಳ್ಳೇ ಸ್ಥಿತಿಯ ಕಾರ್ಡಿನ ರೇಟು. ನಾವು ನೋಡುವುದು ಇಬೇ ಎಂಬ ಮಾರಾಟದ ಜಾಲತಾಣದಲ್ಲಿ ಮಾರಾಟವಾಗಿ ಮುಗಿದ ಬೆಲೆ, ಕೇಳಿದ ಬೆಲೆಯಲ್ಲ. ಪಿಎಸ್‌ಎ, ಎಸ್‌ಜಿಸಿ ಎಂಬ ಸಂಸ್ಥೆಗಳು ಕಾರ್ಡಿಗೆ 1ರಿಂದ 10ರವರೆಗೆ ಅಂಕ ಕೊಟ್ಟು ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿ ಕೊಡುತ್ತವೆ. 8 ಬಂದ ಕಾರ್ಡಿಗೂ 4 ಬಂದ ಅದೇ ಕಾರ್ಡಿಗೂ ಹತ್ತು ಪಟ್ಟು ಅಂತರ ಇರುವುದುಂಟು. ಹಾಗಾಗಿ ಅನುಮಾನ ಬಂದಲ್ಲಿ ಒಂದು ಅಂಕ ಕಡಿಮೆ ಹಿಡಿಯುವುದು.

ಒಂದು ಲೆಕ್ಕ ಬರೆಯುತ್ತೇನೆ, ನಿಮಗೆ ಲೆಕ್ಕ ಇಷ್ಟ. ಮೂರು ಸಾವಿರ ಕಾರ್ಡು ಅಂತಿಟ್ಟುಕೊಳ್ಳಿ. ದೊಡ್ಡ ಹೆಸರಿನವು 40, ಒಟ್ಟು ಮಾರಾಟ ಬೆಲೆ 6,000 ಡಾಲರ್. ಹೈ ನಂಬರ್ 160, ತಲಾ 5ರಂತೆ 800. ಉಳಿದ 2,800 ಸಾಧಾರಣದವು ಅರ್ಧ ಡಾಲರಿನಂತೆ 1,400. ಮೊತ್ತ 8,200. ಇದರಲ್ಲಿ ಮಾರಾಟದ ಜಾಲತಾಣದ ಕಮಿಷನ್ ಶೇ. 13ರಂತೆ 1,066. ಇಪ್ಪತ್ತು ಕಾರ್ಡಿಗೆ ಅಂಕ ಹಾಕಿಸಲು ತಲಾ 30ರಂತೆ 600. ಅಂಚೆ, ಪೊಟ್ಟಣ 400. ಕಣ್ತಪ್ಪಿದ ಸುಕ್ಕು, ಕತ್ತರಿ, ಬೆಲೆ ಇಳಿತ ಅಂತ ಶೇ. 10, ಎಂದರೆ 820. ಉಳಿಯುವುದು 5,314. ಸಾಧಾರಣದವು ಕರಗಲು ಒಂದು ವರ್ಷ ಹಿಡಿಯುತ್ತದೆ, ಆ ದುಡಿಮೆಗೂ ಲಾಭಕ್ಕೂ ಬಿಟ್ಟು 4,000ದಿಂದ 4,300 ಕೊಡಬಹುದು. ಆ 6,000ದಲ್ಲಿ ಒಂದೇ ಕಾರ್ಡು 4,000 ಬಾಳುವಂತಿದ್ದರೆ ಲೆಕ್ಕ ಬೇರೆ. ಅದು ನಾಳೆಯೇ ಮಾರಿಹೋಗುವ ಸರಕು, ಅದರ ಮಟ್ಟಿಗೆ ಶೇ. 75 ಕೊಟ್ಟರೂ ನಷ್ಟವಿಲ್ಲ. ಇನ್ನೂ ದೊಡ್ಡದಾದರೆ ಅದೊಂದನ್ನು ಹರಾಜು ಮನೆಗೆ ಕಳಿಸಿ ಎಂದು ಮಾಲೀಕರಿಗೇ ಹೇಳುವುದು ನ್ಯಾಯ.

ಈ ಲೆಕ್ಕದ ಹಾಳೆಯನ್ನು ಅವರ ಎದುರೇ ಬರೆಯುವುದು ಒಳ್ಳೆಯದು. ಗಂಡ ತೀರಿಹೋದ ಮೇಲೆ ಮನೆ ಖಾಲಿ ಮಾಡುತ್ತಿರುವ ಹೆಂಗಸಿಗೆ ಒಂದು ಅಂಕಿ ಹೇಳಿ, ಈಗಲೇ ಹೂಂ ಅನ್ನಿ ಎನ್ನುವವರೂ ಈ ಕಸುಬಿನಲ್ಲಿದ್ದಾರೆ. ಹಾಗೆ ಕೊಂಡದ್ದು ದಕ್ಕಿದರೂ ಆ ಬೀದಿಯಲ್ಲಿ ಮುಂದಿನ ಮನೆ ಬಾಗಿಲು ತೆರೆಯುವುದಿಲ್ಲ. ವಾರದ ಸಮಯ ಕೊಟ್ಟು ಬರಬೇಕು. ಪಿತ್ರಾರ್ಜಿತವಾದರೆ ಮಾರುವ ಹಕ್ಕು ಯಾರಿಗೆ ಎಂದು ಕಾಗದ ನೋಡಲೇಬೇಕು, ಅಣ್ಣ ಮಾರಿದ್ದಕ್ಕೆ ತಂಗಿ ನೋಟೀಸು ಕೊಡುವುದು ಇಲ್ಲೂ ಇದೆ. ದುಡ್ಡು ಅವರ ಬ್ಯಾಂಕಿನ ಒಳಗೇ ಕೊಡುವುದು, ತಾರೀಕು, ವಿವರ, ಮೊತ್ತ ಬರೆದು ಇಬ್ಬರ ರುಜು. ಹತ್ತು ಸಾವಿರ ಡಾಲರಿಗೆ ಮೇಲ್ಪಟ್ಟ ನಗದು ತೆಗೆದರೆ ಬ್ಯಾಂಕು ಸರಕಾರಕ್ಕೆ ವರದಿ ಮಾಡುತ್ತದೆ, ಅದರಿಂದ ತೊಂದರೆಯೇನಿಲ್ಲ. ವರದಿ ತಪ್ಪಿಸಲೆಂದು ಒಂಬತ್ತೊಂಬತ್ತು ಸಾವಿರವಾಗಿ ಒಡೆದು ತೆಗೆದರೆ ಅದು ಅಪರಾಧ.

ತರುವಾಗ ಕಾರ್ಡುಗಳನ್ನು ನಿಲ್ಲಿಸಿ, ಅಲುಗದಂತೆ ಆದರೆ ಒತ್ತದಂತೆ ಇಡಬೇಕು. ಬೇಸಿಗೆಯಲ್ಲಿ ಕಾರಿನ ಡಿಕ್ಕಿಯಲ್ಲಿ ಬಿಟ್ಟರೆ ಬಾಗುತ್ತವೆ. 1980ರ ದಶಕದ ಮೆತ್ತನೆಯ ಪಿವಿಸಿ ಹಾಳೆಗಳಿದ್ದರೆ ಅದೇ ದಿನ ಬಿಡಿಸಬೇಕು, ಆ ಪ್ಲಾಸ್ಟಿಕ್ಕಿನಿಂದ ಎಣ್ಣೆಯಂಥದ್ದು ಒಸರಿ ಶಾಯಿಯನ್ನು ಎತ್ತಿಕೊಳ್ಳುತ್ತದೆ. ಸ್ಕ್ರೂ ಹಾಕಿ ಬಿಗಿಯುವ ದಪ್ಪ ಡಬ್ಬಿಗಳೂ ಹಾಗೇ, ಕಾರ್ಡು ಚಪ್ಪಟೆಯಾಗಿ ಅಳತೆ ಹಿಗ್ಗಿದರೆ ಅಂಕ ಹಾಕುವವರು ವಾಪಸು ಕಳಿಸುತ್ತಾರೆ.

ಅಂದ ಹಾಗೆ ಅಟ್ಟದ ಟ್ರಂಕಿನಲ್ಲಿ ನಿಮ್ಮ ಅಂಚೆಚೀಟಿ ಆಲ್ಬಮ್ಮಿದೆಯಲ್ಲ, ಅದರ ಹಾಳೆ ಬಿಡಿಸಿದಾಗ ಹೊಸ ಮಳೆಕೋಟಿನ ವಾಸನೆ ಬಂದರೆ ಅದೂ ಪಿವಿಸಿಯೇ. ಚೀಟಿ ಅಂಟಿದ್ದರೆ ಎಳೆಯಬೇಡಿ. ಹಾಳೆಯ ಹೊಲಿಗೆಯನ್ನು ಬ್ಲೇಡಿನಿಂದ ಬಿಡಿಸಿ, ಪ್ಲಾಸ್ಟಿಕ್ಕನ್ನು ಚೀಟಿಯಿಂದ ಹಿಂದಕ್ಕೆ ಮಡಚುತ್ತಾ ಸುಲಿಯಿರಿ. ಮಳೆಗಾಲ ಕಳೆದು ಹವೆ ಒಣಗಿರುವ ಈಗಲೇ ಮಾಡುವುದು ಒಳ್ಳೆಯದು. ಬೇರೆ ಹಾಳೆ ನಾನು ಕಳಿಸುತ್ತೇನೆ, ಒಟ್ಟು ಎಷ್ಟು ಪುಟ ಅಂತ ಎಣಿಸಿ ಹೇಳಿ.

ಅಮ್ಮನಿಗೆ ನಮಸ್ಕಾರ ತಿಳಿಸಿ.

ಇಂತಿ ನಿಮ್ಮ ಮಗ